ಮಂಗನ ಕಾಯಿಲೆ ಮೊದಲೋ, ನಿಫಾ ಮೊದಲೋ? ಪಟ್ಟಿ ಹಾಕುವುದು ಹೀಗೆ

ಪಕ್ಕದ ಕೇರಳದಲ್ಲಿ ನಿಫಾ ಅಂದ ಕೂಡಲೇ ನಮ್ಮಲ್ಲಿ ಹಣ್ಣು ಮುಟ್ಟಲೂ ಹೆದರುತ್ತೇವೆ. ಅದೇ ವಾರ ಬೀದಿನಾಯಿ ಕಚ್ಚಿದರೆ, ‘ಅರಿಶಿನ ಹಚ್ಚು, ಸಾಕು’ ಅನ್ನುವವರೂ ಇದ್ದಾರೆ. ಹೆದರಿಕೆಗೂ ಅಪಾಯಕ್ಕೂ ತಾಳಮೇಳವೇ ಇಲ್ಲ, ಅಲ್ವಾ? ಪ್ರಾಣಿಗಳಿಂದ ಬರುವ ರೋಗಗಳಲ್ಲಿ ಯಾವುದರ ಮೇಲೆ ಮೊದಲು ಕಣ್ಣಿಡಬೇಕು ಎಂದು ಅಂಕ ಹಾಕಿ ನೋಡುವುದು ಇದಕ್ಕೇ. ಮಲೆನಾಡಿನ ಒಂದು ಜಿಲ್ಲೆ ಅಂದುಕೊಂಡು ನಾವೂ ಮಾಡಿ ನೋಡೋಣ.

ಮೊದಲು ಜನ ಸೇರಿಸಿ. ಡಾಕ್ಟರ್‌ಗಳಷ್ಟೇ ಸಾಲದು. ಪಶುವೈದ್ಯರು, ಅರಣ್ಯ ಇಲಾಖೆಯವರು, ಆಶಾ ಕಾರ್ಯಕರ್ತೆಯರು ಒಂದೇ ಮೇಜಿಗೆ ಬರಬೇಕು. ನೆದರ್ಲೆಂಡ್ಸ್‌ನಲ್ಲಿ ಹಾಲಿನ ಮೇಕೆಗಳು ಕ್ಯೂ ಜ್ವರದಿಂದ ಕಂದು ಹಾಕುವುದು 2005ರಲ್ಲೇ ಕಂಡಿತ್ತು. ಜನರಲ್ಲಿ ಅದು ಜೋರಾಗಿದ್ದು 2007ರಿಂದ. 2010ರ ಹೊತ್ತಿಗೆ ರೋಗಿಗಳ ಸಂಖ್ಯೆ 4,000 ದಾಟಿತ್ತು. ಕೊಟ್ಟಿಗೆಯ ಸುದ್ದಿ ಆಸ್ಪತ್ರೆಗೆ ಮುಟ್ಟುವ ದಾರಿ ಮೊದಲೇ ಇರಬೇಕು.

ಆಮೇಲೆ ರೋಗಗಳ ಹೆಸರು ಬರೆಯಿರಿ. ನಮ್ಮ ಪಟ್ಟಿಗೆ ನಾಲ್ಕು ಸಾಕು: ಮಂಗನ ಕಾಯಿಲೆ, ನಿಫಾ, ರೇಬಿಸ್, ಇಲಿ ಜ್ವರ.

ಈಗ ಪ್ರಶ್ನೆಗಳು. ರೋಗ ಇಲ್ಲಿ ಇದೆಯಾ ಅಥವಾ ಬರುವಂತಿದೆಯಾ? ಬಂದವರಲ್ಲಿ ಎಷ್ಟು ಜನ ಸಾಯುತ್ತಾರೆ? ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದಾ? ಔಷಧಿ, ಲಸಿಕೆ ಇಲ್ಲವಾ? ಮುಂಚೆಯೇ ಗೊತ್ತಾದರೆ ತಡೆಯಬಹುದಾ? ಪ್ರತಿಯೊಂದಕ್ಕೂ 0ರಿಂದ 3 ಅಂಕ. ಎಲ್ಲ ಪ್ರಶ್ನೆಗೂ ಒಂದೇ ತೂಕ ಇರುವುದಿಲ್ಲ. ಸದ್ಯಕ್ಕೆ ಕ್ರಮವಾಗಿ 3, 2, 2, 1, 2 ಎಂದಿಟ್ಟುಕೊಳ್ಳಿ. ತೂಕವನ್ನು ಅಂಕ ಹಾಕುವ ಮೊದಲೇ ಬರೆದು ಸಹಿ ಹಾಕಿಬಿಡಿ. ಇಲ್ಲದಿದ್ದರೆ ಸಾಹೇಬರಿಗೆ ಬೇಕಾದ ರೋಗ ಮೇಲೆ ಬರುವ ತನಕ ತೂಕ ಬದಲಾಗುತ್ತಲೇ ಇರುತ್ತದೆ.

ಮಂಗನ ಕಾಯಿಲೆ ತೆಗೆದುಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತ ಪತ್ತೆಯಾದದ್ದು, ಇವತ್ತಿಗೂ ಹೋಗಿಲ್ಲ: 3. ಬಂದ ನೂರರಲ್ಲಿ 3ರಿಂದ 5 ಜನ ಸಾಯುತ್ತಾರೆ: 1. ಮನುಷ್ಯರಿಂದ ಹರಡದು: 0. ಇದಕ್ಕೆಂದೇ ಔಷಧಿ ಇಲ್ಲ: 3. ಕೊನೆಯ ಪ್ರಶ್ನೆಗೆ ಪೂರ್ತಿ 3. ಯಾಕೆಂದರೆ ಮಂಗ ಸತ್ತಾಗ ಮೈಮೇಲಿನ, ರೋಗ ಅಂಟಿಸುವ ಉಣುಗು ಕೆಳಗಿಳಿದು ಸುತ್ತಲೂ ಹರಡುತ್ತವೆ. ಕೊಟ್ಟಿಗೆಗೆ ದರಕು (ಒಣ ಎಲೆ) ತರಲು ಹೋದವರ ಕಾಲಿಗೆ ಹತ್ತುವುದು ಅಲ್ಲೇ. ‘ಮಂಗ ಸತ್ತು ಬಿದ್ದಿದೆ’ ಎಂದು ಯಾರೋ ಒಬ್ಬರು ಬೇಗ ಹೇಳಿದರೆ ಅಲ್ಲಿ ಉಣುಗು ಸಾಯಿಸುವ ಪುಡಿ ಹೊಡೆದು, ಜನ ಆ ಕಡೆ ಹೋಗದಂತೆ ನೋಡಿಕೊಳ್ಳಬಹುದು. ತೂಕದಿಂದ ಗುಣಿಸಿ ಕೂಡಿದರೆ 9+2+0+3+6, ಒಟ್ಟು 20.

ನಿಫಾಕ್ಕೆ 1, 3, 2, 3, 3. ರೋಗ ಬಂದವರಲ್ಲಿ ನೂರಕ್ಕೆ 40ರಿಂದ 75 ಜನ ಸಾಯುತ್ತಾರೆ, ಆರೈಕೆ ಮಾಡುವವರಿಗೂ ಅಂಟುತ್ತದೆ. ಒಟ್ಟು 22. ರೇಬಿಸ್‌ಗೆ 3, 3, 0, 0, 2. ಲಕ್ಷಣ ಶುರುವಾದರೆ ಉಳಿಯುವುದಿಲ್ಲ ಅಂತಲೇ ಲೆಕ್ಕ, ಆದರೆ ಲಸಿಕೆ ಇದೆ. ಒಟ್ಟು 19. ಇಲಿ ಜ್ವರ 15ಕ್ಕೆ ನಿಲ್ಲುತ್ತದೆ.

ನಿಫಾನೇ ಗೆದ್ದಿತು ಅಂದುಕೊಳ್ಳಬೇಡಿ. ಒಂದು ಸಲ ಅಲುಗಾಡಿಸಿ ನೋಡಿ. ‘ಇಲ್ಲಿ ಇದೆಯಾ’ ಪ್ರಶ್ನೆಯ ತೂಕ 4, ‘ಹರಡುತ್ತದಾ’ ಪ್ರಶ್ನೆಯದ್ದು 1 ಮಾಡಿ. ಮಂಗನ ಕಾಯಿಲೆ 23, ರೇಬಿಸ್ 22, ನಿಫಾ 21! ಹಾಗಂತ ಲೆಕ್ಕ ಸುಳ್ಳಲ್ಲ. ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟದವು ಎಂದು ಅದು ಹೇಳುತ್ತಿದೆ. ಎರಡು ಅಂಕದ ಅಂತರಕ್ಕೆ ಒಂದು ರೋಗದ ದುಡ್ಡು ಪೂರ್ತಿ ಕಿತ್ತು ಇನ್ನೊಂದಕ್ಕೆ ಕೊಡುವುದು ನನ್ನ ಮಟ್ಟಿಗೆ ಪೆದ್ದುತನ. ಹೇಗೆ ತೂಗಿದರೂ ಇಲಿ ಜ್ವರ ಕೆಳಗೇ ಉಳಿಯಿತಲ್ಲ, ಅದನ್ನು ಮಾತ್ರ ಧೈರ್ಯವಾಗಿ ನಂಬಬಹುದು.

ಪಟ್ಟಿ ಬರೆದು ಬೀರುವಿನಲ್ಲಿಟ್ಟರೆ ಹಳಸುತ್ತದೆ. ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೇ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ನಾಲ್ಕನೇ ಪ್ರಶ್ನೆಯ ಅಂಕ ಆಗಲೇ ಏರಬೇಕಿತ್ತು. ಹೊಸದು ಬಂದರೆ ಇಳಿಸಬೇಕು. ಮಳೆ ನಿಂತ ಮೇಲೆ, ಹೆಚ್ಚುಕಡಿಮೆ ನವೆಂಬರ್‌ನಿಂದ, ಕಾಡಿನಲ್ಲಿ ಮರಿ ಉಣುಗು ಜಾಸ್ತಿಯಾಗುತ್ತವೆ. ಹಾಗಾಗಿ ಮಲೆನಾಡಿನ ಜಿಲ್ಲೆಗಳು ಈ ಲೆಕ್ಕ ಮುಗಿಸಲು ಅಕ್ಟೋಬರ್ ಕೊನೆಯ ಗಡುವು.