ಒಂದು ಋತುವಿನ ಟ್ರಿಪಲ್ ದಾಖಲೆಗಳನ್ನು ಓದುವ ಬಗೆ

ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಚೆಂಡನ್ನು ಹೊಡೆದು, ಫೀಲ್ಡರ್‌ಗಳ ತಪ್ಪಿನ ನೆರವಿಲ್ಲದೆ, ಒಂದೇ ಓಟದಲ್ಲಿ ಮೂರನೆಯ ಬೇಸ್ (ಓಟಗಾರ ಸರದಿಯಂತೆ ಮುಟ್ಟಬೇಕಾದ ನೆಲೆ) ತಲುಪಿದರೆ ಅದು ಟ್ರಿಪಲ್. ಬೇಸ್‌ಗಳ ನಡುವೆ 90 ಅಡಿ ಅಂತರವಿರುವುದರಿಂದ ಅವನು 270 ಅಡಿ ಓಡಬೇಕು; ಕ್ರಿಕೆಟ್‌ನಲ್ಲಿ ಮೂರು ರನ್ ಓಡುವವನ ದಾರಿ ಇದಕ್ಕಿಂತ ಎಷ್ಟೋ ಕಡಿಮೆ.

ಅಮೆರಿಕದ ಮೇಜರ್ ಲೀಗ್‌ನ ಪಟ್ಟಿಯನ್ನು ತೆರೆದಾಗ ಸಂಖ್ಯೆಗಿಂತ ಮೊದಲು ಇಸವಿಯನ್ನು ನೋಡಿ. ಅಗ್ರಸ್ಥಾನದಲ್ಲಿರುವುದು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಚೀಫ್ ವಿಲ್ಸನ್ 1912ರಲ್ಲಿ ಹೊಡೆದ 36 ಟ್ರಿಪಲ್‌ಗಳು. ಅದೇ ವರ್ಷ ಕ್ಲೀವ್‌ಲ್ಯಾಂಡ್‌ನ ಜೋ ಜಾಕ್ಸನ್ ಮತ್ತು 1914ರಲ್ಲಿ ಡೆಟ್ರಾಯಿಟ್‌ನ ಸ್ಯಾಮ್ ಕ್ರಾಫರ್ಡ್ ತಲಾ 26 ಹೊಡೆದರು. ಒಂದೇ ಚೆಂಡನ್ನು ಮೆತ್ತಗಾಗಿ ಕೊಳೆಯಾಗುವವರೆಗೆ ಬಳಸುತ್ತಿದ್ದ ಆ ಕಾಲದಲ್ಲಿ ಗೋಡೆ ದಾಟಿಸುವ ಹೊಡೆತ ಅಪರೂಪವಾಗಿತ್ತು. ಫೀಲ್ಡರ್‌ಗಳ ನಡುವೆ ಚೆಂಡನ್ನು ನುಗ್ಗಿಸಿ ಓಡುವುದೇ ಬಲಶಾಲಿ ಬ್ಯಾಟರ್‌ನ ದಾರಿಯಾಗಿತ್ತು. 1920ರ ನಂತರ ಹೋಮ್ ರನ್, ಅಂದರೆ ಗೋಡೆ ದಾಟಿಸುವ ಹೊಡೆತ, ಆ ಜಾಗವನ್ನು ಆಕ್ರಮಿಸಿತು.

ಅನಂತರ ಮೈದಾನವನ್ನು ನೋಡಬೇಕು, ಏಕೆಂದರೆ ಟ್ರಿಪಲ್‌ನಷ್ಟು ಮೈದಾನಕ್ಕೆ ಋಣಿಯಾದ ಹೊಡೆತ ಈ ಆಟದಲ್ಲಿ ಬೇರೊಂದಿಲ್ಲವೆಂಬುದು ನನ್ನ ನಂಬಿಕೆ. ವಿಲ್ಸನ್‌ನ ತವರು ಮೈದಾನ ಫೋರ್ಬ್ಸ್ ಫೀಲ್ಡ್ 1909ರಲ್ಲಿ ತೆರೆದಿತ್ತು. ಅದರ ಅತಿ ದೂರದ ಮೂಲೆಯಲ್ಲಿ ಗೋಡೆ 450 ಅಡಿಗೂ ಆಚೆಗಿತ್ತು. ಅಲ್ಲಿಗೆ ಉರುಳಿದ ಚೆಂಡು ಮರಳಿ ಬರುವಷ್ಟರಲ್ಲಿ ಓಟಗಾರ ಮೂರನೆಯ ಬೇಸ್ ಸೇರಿರುತ್ತಿದ್ದ.

ಮೂರನೆಯದಾಗಿ, ಅದೇ ಸಾಲಿನಲ್ಲಿರುವ ಡಬಲ್‌ಗಳ (ಎರಡನೆಯ ಬೇಸ್ ತಲುಪಿಸುವ ಹೊಡೆತಗಳ) ಸಂಖ್ಯೆಯನ್ನೂ ಪಕ್ಕದ ವರ್ಷಗಳನ್ನೂ ಹೋಲಿಸಿ ನೋಡಿ. ಸಾಮಾನ್ಯವಾಗಿ ಬ್ಯಾಟರ್‌ನ ಡಬಲ್‌ಗಳು ಟ್ರಿಪಲ್‌ಗಳಿಗಿಂತ ಹಲವು ಪಟ್ಟು ಹೆಚ್ಚಿರುತ್ತವೆ. 1912ರಲ್ಲಿ ವಿಲ್ಸನ್‌ಗೆ ಇದ್ದದ್ದು 19 ಡಬಲ್ ಮಾತ್ರ. ಉಳಿದ ಯಾವ ಋತುವಿನಲ್ಲಿಯೂ ಅವನು 14 ಟ್ರಿಪಲ್ ದಾಟಲಿಲ್ಲ. ಆದ್ದರಿಂದ 36 ಎಂಬುದನ್ನು ಒಬ್ಬ ಆಟಗಾರನ ಸ್ಥಿರ ಸಾಮರ್ಥ್ಯದ ಅಳತೆಯೆಂದು ತಿಳಿಯದೆ, ಮೈದಾನ, ಕಾಲ ಮತ್ತು ಕೈಹಿಡಿದ ಅದೃಷ್ಟ ಒಂದೇ ಬೇಸಿಗೆಯಲ್ಲಿ ಕೂಡಿಬಂದ ಫಲವೆಂದು ಓದುವುದು ನ್ಯಾಯ. ಸ್ಥಿರತೆಯನ್ನು ಹುಡುಕುವವರು ವೃತ್ತಿಜೀವನದಲ್ಲಿ 309 ಟ್ರಿಪಲ್ ಗಳಿಸಿದ ಕ್ರಾಫರ್ಡ್‌ನತ್ತ ತಿರುಗಬೇಕು. ವಿಲ್ಸನ್, ಜಾಕ್ಸನ್, ಕ್ರಾಫರ್ಡ್ ಮೂವರೂ ಎಡಗೈ ಬ್ಯಾಟರ್‌ಗಳು ಎಂಬುದನ್ನೂ ಗಮನಿಸಿ: ಎಡಗೈಯವನು ನಿಲ್ಲುವ ಜಾಗ ಮೊದಲ ಬೇಸ್‌ಗೆ ಒಂದೆರಡು ಹೆಜ್ಜೆ ಹತ್ತಿರ.

ಈ ಕಾಲದ ಸಂಖ್ಯೆಗಳಿಗೂ ಇದೇ ಕ್ರಮವನ್ನು ಅನ್ವಯಿಸಿ. 154 ಪಂದ್ಯಗಳಿದ್ದ ಋತು ಈಗ 162 ಪಂದ್ಯಗಳಿಗೆ ಬೆಳೆದಿದ್ದರೂ 20 ಟ್ರಿಪಲ್ ತಲುಪುವವರು ವಿರಳ. 2007ರಲ್ಲಿ ಇಬ್ಬರು ತಲುಪಿದರು. ಡೆಟ್ರಾಯಿಟ್‌ನ ಕರ್ಟಿಸ್ ಗ್ರ್ಯಾಂಡರ್ಸನ್ 23 ಹೊಡೆದ. 1949ರಲ್ಲಿ ಡೇಲ್ ಮಿಚೆಲ್ ಹೊಡೆದ 23ರ ನಂತರ ಅಷ್ಟು ಯಾರಿಗೂ ದಕ್ಕಿರಲಿಲ್ಲ. ಆದರೆ ಗ್ರ್ಯಾಂಡರ್ಸನ್‌ನ ತವರಾದ ಕೊಮೆರಿಕಾ ಪಾರ್ಕ್‌ನಲ್ಲಿ ಬ್ಯಾಟರ್‌ನ ನೇರ ಎದುರಿನ ಗೋಡೆ 420 ಅಡಿ ದೂರದಲ್ಲಿತ್ತು. 20 ಹೊಡೆದ ಫಿಲಡೆಲ್ಫಿಯಾದ ಜಿಮ್ಮಿ ರಾಲಿನ್ಸ್‌ನ ತವರಿನಲ್ಲಿ ಆ ಗೋಡೆ ಇದ್ದದ್ದು 401 ಅಡಿಯಲ್ಲಿ, ಮತ್ತು ಆ ಮೈದಾನ ಹೋಮ್ ರನ್‌ಗಳಿಗೇ ಹೆಸರಾದದ್ದು. ಪಟ್ಟಿಯಲ್ಲಿ ಮೂರು ಕಡಿಮೆಯಿದ್ದರೂ ಆ 20ನ್ನು ನಾನು ಮೇಲಿಡುತ್ತೇನೆ.