ಹೊಸ ಎಆರ್ ಪಿಸ್ತೂಲನ್ನ ರೇಂಜಲ್ಲಿ ಟೆಸ್ಟ್ ಮಾಡೋದು ಹೇಗೆ

ಹೊಸ ಗನ್ ತಗೊಂಡ ಖುಷೀಲಿ ಮೊದಲ ದಿನ ಸುಮಾರು ಜನ ಮಾಡೋದು ಇಷ್ಟೇ, ಎರಡು ಮ್ಯಾಗಜೀನ್ ಪಟಪಟ ಹೊಡೆದು, ಪೇಪರ್ ಮೇಲಿನ ತೂತು ನೋಡಿ, ಒಂದು ಫೋಟೋ ತೆಗೆದು ಮನೆಗೆ ಬರೋದು. ಗನ್ ಹೊಡೆಯತ್ತೆ ಅಂತ ಗೊತ್ತಾಯ್ತು ಸರಿ, ಆದ್ರೆ ಪ್ರತೀ ಸಲ ಹೊಡೆಯತ್ತಾ ಅಂತ ಆ 60 ಗುಂಡಿಂದ ಗೊತ್ತಾಗಲ್ಲ. ಅದ್ರಲ್ಲೂ ರೈಫಲ್ ತೋಟಾ ಹಾಕೋ ಗಿಡ್ಡ ಬ್ಯಾರೆಲ್ ಪಿಸ್ತೂಲು, ಅಂದ್ರೆ 5.56ರಲ್ಲೋ .300 ಬ್ಲ್ಯಾಕೌಟ್‌ನಲ್ಲೋ ಬರೋ ಎಆರ್ (ಎಆರ್-15 ರೈಫಲ್ ಮಾದರಿಯ) ಪಿಸ್ತೂಲು, ಉದ್ದ ರೈಫಲ್‌ಗಿಂತ ಜಾಸ್ತಿ ಹಠಮಾರಿ. ನಾನು ಇಲ್ಲಿ ಟೆಕ್ಸಾಸಲ್ಲಿ 10.5 ಇಂಚಿನದೊಂದು ತಗೊಂಡಾಗ ಎರಡು ತಿಂಗಳು ಒದ್ದಾಡಿದೀನಿ, ಅದಕ್ಕೇ ಕೂತು ಬರೀತಿದೀನಿ.

ಗನ್ ವಿಷಯಕ್ಕೆ ಹೋಗೋ ಮುಂಚೆ ಅಮೆರಿಕದಲ್ಲಿರೋ ನಮ್ಮೋರಿಗೆ ಒಂದು ಮಾತು, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಬಂದವರು ಗನ್ ಆಗ್ಲಿ ಗುಂಡಾಗ್ಲಿ ಕೈಲಿ ಇಟ್ಕೊಳ್ಳೋದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ, ಇನ್ನು ಕೆಲವರಿಗೆ ವಿನಾಯ್ತಿ ಇದೆ, ಆದ್ರೆ ಅದು ನಿಮಗೆ ಅನ್ವಯ ಆಗತ್ತಾ ಅಂತ ವಕೀಲರನ್ನ ಕೇಳದೆ ರೇಂಜಿಗೆ ಹೋಗಿ ಬಾಡಿಗೆ ಗನ್ ಕೂಡ ಮುಟ್ಟಬೇಡಿ. ಫ್ರೆಂಡು ಕರ್ಕೊಂಡು ಹೋದ, ಎರಡೇ ಗುಂಡು ಹೊಡೆದೆ, ಫೋಟೋ ಹಾಕಿದೆ ಅಂತ ಅಂದ್ಕೊಳ್ತೀರ, ಆಮೇಲೆ ಅದೇ ಫೋಟೋ ವೀಸಾಗೆ ಕುತ್ತು ತರಬಹುದು. ಗ್ರೀನ್ ಕಾರ್ಡ್ ಇರೋರಿಗೆ, ಸಿಟಿಜನ್ ಆದೋರಿಗೆ ಈ ತೊಡಕಿಲ್ಲ. ಇನ್ನು ಪಿಸ್ತೂಲು ಅಂದ್ರೆ ಹಿಂದೆ ಸ್ಟಾಕ್, ಅಂದ್ರೆ ಭುಜಕ್ಕೆ ಒತ್ಕೊಳ್ಳೋ ಭಾಗ, ಇರಬಾರದು, 16 ಇಂಚಿಗಿಂತ ಗಿಡ್ಡ ಬ್ಯಾರೆಲ್ಲಿಗೆ ಸ್ಟಾಕ್ ಹಾಕಿದ್ರೆ ಅದು 1934ರ ಎನ್‌ಎಫ್‌ಎ ಕಾಯ್ದೆ ಅಡಿಯಲ್ಲಿ ಬೇರೇನೇ ವಸ್ತು ಆಗತ್ತೆ, ಮೊದ್ಲೇ ಅನುಮತಿ ಬೇಕು. ರಾಜ್ಯ ರಾಜ್ಯಕ್ಕೂ ಕಾನೂನು ಬೇರೆ, ಕ್ಯಾಲಿಫೋರ್ನಿಯಾದಲ್ಲಿ ಇರೋರು ಟೆಕ್ಸಾಸ್ ಲೆಕ್ಕ ಹಿಡ್ಕೊಂಡು ಕೂರಬೇಡಿ.

ಗಿಡ್ಡ ಬ್ಯಾರೆಲ್ ಯಾಕೆ ಹಠ ಮಾಡತ್ತೆ ಅಂತ ಸ್ವಲ್ಪ ತಿಳ್ಕೊಂಡ್ರೆ ಮುಂದಿನದೆಲ್ಲ ಸುಲಭ. ಈ ಡಿಸೈನ್ ಹುಟ್ಟಿದ್ದು 20 ಇಂಚಿನ ಬ್ಯಾರೆಲ್ಲಿಗೆ. ಗುಂಡು ಬ್ಯಾರೆಲ್ ಒಳಗೆ ಓಡ್ತಾ ಒಂದು ಸಣ್ಣ ತೂತು ದಾಟತ್ತೆ, ಅಲ್ಲಿಂದ ಬಿಸಿ ಗ್ಯಾಸ್ ಹಿಂದಕ್ಕೆ ಬಂದು ಬೋಲ್ಟನ್ನ ತಳ್ಳತ್ತೆ, ಬೋಲ್ಟ್ ಖಾಲಿ ಕೇಸ್ ಎಳೆದು ಆಚೆ ಎಸೆದು, ವಾಪಸ್ ಬರೋವಾಗ ಹೊಸ ತೋಟಾ ಒಳಗೆ ತಳ್ಕೊಂಡು ಬರತ್ತೆ. 20 ಇಂಚಿನದ್ರಲ್ಲಿ ಆ ತೂತು ಸುಮಾರು 13 ಇಂಚು ದೂರದಲ್ಲಿದೆ, ಅಷ್ಟು ಹೊತ್ತಿಗೆ ಒತ್ತಡ ಇಳಿದಿರತ್ತೆ. 10.5 ಇಂಚಿನ ಬ್ಯಾರೆಲ್ಲಲ್ಲಿ ತೂತು ಸುಮಾರು 7.5 ಇಂಚಿಗೇ ಇರೋದು, ಅಲ್ಲಿ ಒತ್ತಡ ತುಂಬಾ ಜಾಸ್ತಿ, ಅದೂ ಅಲ್ಲದೆ ತೂತು ದಾಟಿದ ಮೇಲೆ ಉಳಿಯೋದು ಬರೀ 3 ಇಂಚು, ಅಷ್ಟು ದಾಟಿದ ತಕ್ಷಣ ಗುಂಡು ಆಚೆ ಹೋಗಿ ಗ್ಯಾಸೆಲ್ಲ ಪುಸ್ ಅಂತ ಖಾಲಿ. ಈ ಕೊರತೆ ತುಂಬೋಕೆ ಅಂತ ಕಂಪನಿಯವರು ತೂತನ್ನ ದೊಡ್ಡದು ಮಾಡ್ತಾರೆ, ಜಾಸ್ತಿ ದೊಡ್ಡದಾದ್ರೆ ಬೋಲ್ಟ್ ಹುಚ್ಚು ವೇಗದಲ್ಲಿ ಹಿಂದೆ ಹೋಗತ್ತೆ, ಚೇಂಬರ್ (ತೋಟಾ ಕೂರೋ ಜಾಗ) ಗೋಡೆಗೆ ಇನ್ನೂ ಅಂಟ್ಕೊಂಡಿರೋ ಕೇಸನ್ನ ಕಿತ್ತು ಎಳೆಯತ್ತೆ, ಮ್ಯಾಗಜೀನ್ ಸ್ಪ್ರಿಂಗು ಮುಂದಿನ ತೋಟಾನ ಮೇಲೆ ಎತ್ತೋ ಮುಂಚೆನೇ ಬೋಲ್ಟ್ ಮುಂದೆ ಬಂದುಬಿಡತ್ತೆ. ತೂತು ಸಣ್ಣದಾದ್ರೆ ಅದಕ್ಕೆ ಉಲ್ಟಾ, ಬೋಲ್ಟ್ ಪೂರ್ತಿ ಹಿಂದೆ ಹೋಗೋದೇ ಇಲ್ಲ. ನಮ್ಮ ಟೆಸ್ಟಿನ ಅರ್ಧ ಕೆಲಸ ಈ ಎರಡರಲ್ಲಿ ನಮ್ಮದು ಯಾವ ಕಡೆ ವಾಲಿದೆ ಅಂತ ಕಂಡ್ಕೊಳ್ಳೋದೇ.

ರೇಂಜಿಗೆ ಹೋಗೋ ಹಿಂದಿನ ರಾತ್ರಿ ಮನೇಲಿ ಅರ್ಧ ಗಂಟೆ ಕೆಲಸ ಇದೆ. ಗುಂಡುಗಳೆಲ್ಲ ಬೇರೆ ರೂಮಲ್ಲಿರಲಿ. ಚೇಂಬರ್ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ. ಫ್ಯಾಕ್ಟರಿಯಿಂದ ಬಂದ ಎಣ್ಣೆ ತುಕ್ಕು ಹಿಡೀದೇ ಇರಲಿ ಅಂತ ಬಳಿದಿದ್ದು, ಅದನ್ನ ಒರೆಸಿ, ಬ್ಯಾರೆಲ್ ಒಳಗೆ ಒಂದು ಬಟ್ಟೆ ಓಡಿಸಿ, ಬೋಲ್ಟನ್ನ ಹೊತ್ಕೊಂಡು ಓಡೋ ಬೋಲ್ಟ್ ಕ್ಯಾರಿಯರ್ ಉಜ್ಜೋ ಜಾಗಕ್ಕೆಲ್ಲ ಒಳ್ಳೆ ಗನ್ ಆಯಿಲ್ ಹಾಕಿ, ಸ್ವಲ್ಪ ಜಾಸ್ತಿನೇ ಆಯ್ತು ಅನ್ನಿಸೋವಷ್ಟು ಹಾಕಿ, ಹೊಸ ಎಆರ್ ಒಣಗಿದ್ರೆ ಖಂಡಿತ ಮೊಂಡು ಹಿಡಿಯತ್ತೆ. ಬ್ಯಾರೆಲ್ ಮೇಲೆ ಏನು ಕೆತ್ತಿದೆ ಓದಿ. .223 ಅಂತ ಮಾತ್ರ ಇದ್ರೆ 5.56 ಗುಂಡು ಹಾಕಬೇಡಿ, ನೋಡೋಕೆ ಎರಡೂ ಒಂದೇ ಥರ ಇದ್ರೂ .223 ಚೇಂಬರಲ್ಲಿ 5.56ರ ಒತ್ತಡ ಮಿತಿ ಮೀರಬಹುದು, 5.56 ಚೇಂಬರಲ್ಲಿ .223 ಹೊಡೆದ್ರೆ ತೊಂದ್ರೆ ಇಲ್ಲ. ಬೋಲ್ಟ್ ಕ್ಯಾರಿಯರ್ ಮೇಲಿನ ಗ್ಯಾಸ್ ಕೀ (ಗ್ಯಾಸ್ ಒಳಗೆ ಬರೋ ಕೊಳವೆ) ಸ್ಕ್ರೂ ಎರಡನ್ನೂ ನೋಡಿ, ಅವು ತಿರುಗದ ಹಾಗೆ ಪಕ್ಕದ ಲೋಹಾನ ಗುದ್ದಿ ಕೂರಿಸಿರಬೇಕು, ಇದಕ್ಕೆ ಸ್ಟೇಕಿಂಗ್ ಅಂತಾರೆ. ಹಿಂದಿನ ಟ್ಯೂಬ್ ಹಿಡಿದಿರೋ ಕ್ಯಾಸಲ್ ನಟ್ಟಿಗೂ ಹಾಗೇ ಇರಬೇಕು. ಎಷ್ಟೋ ಸಲ ಗ್ಯಾಸ್ ಸಾಲ್ತಿಲ್ಲ ಅನ್ನೋ ರೋಗಕ್ಕೆ ಕಾರಣ ಈ ಸಡಿಲ ಸ್ಕ್ರೂನೇ.

ಆಮೇಲೆ ಮ್ಯಾಗಜೀನ್. ಕನಿಷ್ಠ ಮೂರು ಬೇಕು, ಎರಡು ಬೇರೆ ಬೇರೆ ಥರದ್ದಾದ್ರೆ ಇನ್ನೂ ಒಳ್ಳೇದು, ಒಂದು ಅಲ್ಯೂಮಿನಿಯಂದು ಒಂದು ಪ್ಲಾಸ್ಟಿಕ್ಕಿಂದು. ಪ್ರತಿಯೊಂದರ ತಳಕ್ಕೆ ಪೇಂಟ್ ಪೆನ್ನಲ್ಲಿ 1, 2, 3 ಅಂತ ನಂಬರ್ ಬರೀರಿ. ಇದೊಂದು ಮಾಡದೆ ನಾನು ಎರಡು ವಾರ ಹಾಳು ಮಾಡ್ಕೊಂಡೆ. ಪ್ರತೀ 40-50 ಗುಂಡಿಗೆ ಒಂದು ಸಲ ಬೋಲ್ಟು ತೋಟಾನ ಸರಿಯಾಗಿ ಹಿಡೀದೆ ಅದರ ಹೊಟ್ಟೆ ಮೇಲೆ ಹತ್ತಿ ನಿಲ್ತಿತ್ತು, ನಾನು ಬೋಲ್ಟ್ ಬಿಚ್ಚಿದೆ, ಕೇಸ್ ಎಳೆಯೋ ಎಕ್ಸ್‌ಟ್ರಾಕ್ಟರ್‌ನ ಸ್ಪ್ರಿಂಗ್ ಬದಲಿಸಿದೆ, ಗನ್ ಮಾಡಿದ ಕಂಪನಿಗೆ ಮೇಲ್ ಬರೆದೆ, ಕೊನೆಗೆ ನಂಬರ್ ಹಾಕಿ ನೋಡಿದ್ರೆ ಪ್ರತೀ ಸಲವೂ ಅದೇ ಮೂರನೇ ಮ್ಯಾಗಜೀನು, ಅದರ ಬಾಯಿಯ ಒಂದು ತುಟಿ ಸ್ವಲ್ಪ ಅಗಲ ಆಗಿತ್ತು ಅಷ್ಟೇ.

.300 ಬ್ಲ್ಯಾಕೌಟ್ ತಗೊಂಡವರು ಈ ಪ್ಯಾರಾ ಎರಡು ಸಲ ಓದಿ. ಆ ತೋಟಾ 5.56ರ ಮ್ಯಾಗಜೀನಲ್ಲೇ ಕೂರತ್ತೆ, ಅದೇ ಬೋಲ್ಟು, ಬದಲಾಗೋದು ಬ್ಯಾರೆಲ್ ಮಾತ್ರ. ಅದು ಅನುಕೂಲನೂ ಹೌದು, ಅಪಾಯನೂ ಹೌದು, ಯಾಕಂದ್ರೆ ಕೆಲವು ಬ್ಲ್ಯಾಕೌಟ್ ತೋಟಾ 5.56 ಗನ್ನಿನ ಚೇಂಬರಲ್ಲಿ ಹೋಗಿ ಕೂರತ್ತೆ, .30 ಕ್ಯಾಲಿಬರ್ ಗುಂಡು .22ರ ತೂತಲ್ಲಿ ಹೋಗೋಕೆ ಆಗದೆ ಗನ್ನೇ ಕೈಲಿ ಸಿಡಿಯತ್ತೆ. ಎರಡೂ ಕ್ಯಾಲಿಬರ್ ಇಟ್ಕೊಂಡವರು ಮ್ಯಾಗಜೀನ್ ಬಣ್ಣನೇ ಬೇರೆ ಮಾಡಿ, ಒಂದೇ ದಿನ ಎರಡನ್ನೂ ರೇಂಜಿಗೆ ಒಯ್ಯಬೇಡಿ, ಒಂದೇ ಬ್ಯಾಗಲ್ಲಂತೂ ಬೇಡ.

ರೇಂಜಿಗೆ ಮೊದ್ಲೇ ಫೋನ್ ಮಾಡಿ ಕೇಳಿ. ಕೆಲವು ಇಂಡೋರ್ ರೇಂಜಲ್ಲಿ ರೈಫಲ್ ಕ್ಯಾಲಿಬರ್ರೇ ಬಿಡಲ್ಲ, ಬಿಟ್ರೂ ಗುಂಡಿಗೆ ಅಯಸ್ಕಾಂತ ಹಿಡಿದು ನೋಡ್ತಾರೆ, ಹಸಿರು ಮೂತಿಯ ಎಂ855 ಒಳಗೆ ಉಕ್ಕಿರೋದ್ರಿಂದ ವಾಪಸ್ ಕಳಿಸ್ತಾರೆ. ಔಟ್‌ಡೋರ್ ಆದ್ರೆ ಒಳ್ಳೇದು, ವಾರದ ನಡುವೆ ಬೆಳಗ್ಗೆ ಹೋದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಈ ಗಿಡ್ಡ ಬ್ಯಾರೆಲ್ಲಿನ ಸದ್ದು ಪಕ್ಕದೋರ ಎದೆಗೆ ಗುದ್ದಿದ ಹಾಗಿರತ್ತೆ. 160 ಡೆಸಿಬೆಲ್ ದಾಟೋ ಸದ್ದು ಇದು, ಕಿವಿಗೆ ಹಾನಿ ಶುರುವಾಗೋದೇ 140ರ ಆಸುಪಾಸು, ಅದಕ್ಕೆ ಕಿವಿಯೊಳಗೆ ಸ್ಪಾಂಜು, ಮೇಲೆ ಇಯರ್‌ಮಫ್, ಎರಡೂ ಹಾಕ್ಕೊಳ್ಳಿ, ಕಣ್ಣಿಗೆ ಕನ್ನಡಕ. ಮುಂದಿನ ಕೈ ಜಾರಿ ಬ್ಯಾರೆಲ್ ಮುಂದಕ್ಕೆ ಹೋಗದ ಹಾಗೆ ಹ್ಯಾಂಡ್‌ಗಾರ್ಡ್ ತುದಿಗೆ ಒಂದು ಹ್ಯಾಂಡ್ ಸ್ಟಾಪ್ ಹಾಕ್ಸಿ, ನೇರ ಕೆಳಗೆ ಇಳಿಯೋ ಹಿಡಿ ಬೇಡ, ಪಿಸ್ತೂಲಿಗೆ ಅದನ್ನ ಹಾಕಿದ್ರೆ ಕಾನೂನಿನ ತೊಡಕಿದೆ.

ಈಗ ಹೊಡೆಯೋ ಕೆಲಸ. ಮೊದಲ ಮ್ಯಾಗಜೀನಿಗೆ ಒಂದೇ ಒಂದು ತೋಟಾ ಹಾಕಿ. ಹೊಡೀರಿ, ಬೋಲ್ಟ್ ಹಿಂದೆ ಹೋಗಿ ತೆರೆದ ಹಾಗೇ ನಿಲ್ಲಬೇಕು. ನಿಂತ್ರೆ ಗ್ಯಾಸ್ ಸಾಕಷ್ಟಿದೆ ಅಂತರ್ಥ, ನಿಲ್ಲದೆ ಮುಚ್ಕೊಂಡ್ರೆ ಗ್ಯಾಸ್ ಕಮ್ಮಿ, ಇಲ್ಲಾ ಮ್ಯಾಗಜೀನ್ ಫಾಲೋವರ್ (ತೋಟಾನ ಮೇಲೆತ್ತೋ ತಟ್ಟೆ) ಸರಿ ಇಲ್ಲ, ಇಲ್ಲಾ ಬೋಲ್ಟ್ ಓಡೋ ವೇಗಕ್ಕೆ ಅದನ್ನ ಹಿಡಿದು ನಿಲ್ಸೋ ಕ್ಯಾಚ್ ಏಳೋಕೆ ಟೈಮೇ ಸಿಗ್ತಿಲ್ಲ. ಮೂರೂ ಮ್ಯಾಗಜೀನಲ್ಲಿ ಐದೈದು ಸಲ ಹೀಗೇ ಮಾಡಿ, 15 ಗುಂಡು. ಬೇಜಾರಾಗತ್ತೆ, ಆದ್ರೂ ಮಾಡಿ. ಆಮೇಲೆ ಎರಡು ಹಾಕಿ, ಮೂರಲ್ಲ, ಎರಡೇ. ಒಂದು ಸಲ ಟ್ರಿಗರ್ ಎಳೆದ್ರೆ ಒಂದೇ ಹೋಗಬೇಕು, ಟ್ರಿಗರ್ ನಿಧಾನಕ್ಕೆ ಬಿಟ್ಟಾಗ ಕ್ಲಿಕ್ ಅಂತ ವಾಪಸ್ ಕೂರಬೇಕು. ಒಂದೇ ಎಳೆತಕ್ಕೆ ಎರಡೂ ಹೋದ್ರೆ ಅಲ್ಲಿಗೇ ನಿಲ್ಸಿ, ಗನ್ ಖಾಲಿ ಮಾಡಿ ಗನ್‌ಸ್ಮಿತ್ ಹತ್ರ ಒಯ್ಯಿರಿ, ಇನ್ನೊಂದ್ಸಲ ನೋಡೋಣ ಅನ್ನೋ ಆಸೆ ಬೇಡ. ಹೊಸ ಗನ್ನಿಗೆ ಮೊದಲೇ 30 ತುಂಬಬೇಡಿ ಅಂತ ನಾನು ಹೇಳೋದು ಇದಕ್ಕೇ.

ಹತ್ತಿಪ್ಪತ್ತು ಹೊಡೆದ ಮೇಲೆ ಕೆಳಗೆ ಬಿದ್ದಿರೋ ಖಾಲಿ ಕೇಸ್ ನೋಡಿ, ಗನ್ ಮಾತಾಡೋದು ಅವುಗಳ ಮೂಲಕ. ಗುರಿ ಕಡೆ 12 ಗಂಟೆ ಅಂತ ಇಟ್ಕೊಂಡ್ರೆ ಕೇಸ್‌ಗಳು 3ರಿಂದ 4:30ರ ದಿಕ್ಕಲ್ಲಿ ಒಂದು ಗುಡ್ಡೆ ಥರ ಬೀಳಬೇಕು. 1, 2ರ ಕಡೆ ಮುಂದಕ್ಕೆ ಎಲ್ಲೋ ದೂರ ಹಾರ್ತಿದ್ರೆ ಗ್ಯಾಸ್ ಜಾಸ್ತಿ ಇರಬಹುದು, 5ರ ಕಡೆ ಕಾಲ ಹತ್ರ ಸುಸ್ತಾಗಿ ಬೀಳ್ತಿದ್ರೆ ಕಮ್ಮಿ ಇರಬಹುದು. ಇದೊಂದನ್ನೇ ನಂಬಬೇಡಿ, ಕೇಸ್ ಆಚೆ ಎಸೆಯೋ ಎಜೆಕ್ಟರ್‌ನ ಸ್ಪ್ರಿಂಗ್ ಹೊಸದಿದ್ರೂ ದಿಕ್ಕು ಬದಲಾಗತ್ತೆ. ಒಂದೊಂದು ಕೇಸ್ ಕೈಗೆತ್ಕೊಂಡು ಅಂಚು ನೋಡಿ, ಅಂಚು ಬಾಗಿದ್ರೆ ಅಥವಾ ಕಿತ್ತು ಹೋಗಿದ್ರೆ ಬೋಲ್ಟ್ ತುಂಬಾ ಬೇಗ ಎಳೀತಿದೆ. ಪ್ರೈಮರ್ (ತಳದ ನಡುವೆ ಕಿಡಿ ಹೊತ್ತಿಸೋ ಬಿಲ್ಲೆ) ಪೂರ್ತಿ ಚಪ್ಪಟೆಯಾಗಿ ಅಂಚಿಗೆ ಹರಡಿದ್ರೆ, ತಳದ ಮೇಲೆ ಹೊಳೆಯೋ ಗೀರು ಕಂಡ್ರೆ ಒತ್ತಡದ ಸೂಚನೆ. ಕೇಸ್ ಉಬ್ಬಿದ್ರೆ ಅವತ್ತಿಗೆ ಮುಗೀತು, ಗನ್ ಮುಚ್ಚಿಡಿ.

ಇಲ್ಲಿಗೆ ಬಂದ ಮೇಲೆ ಮ್ಯಾಗಜೀನ್ ತುಂಬಿ ಹೊಡೀಬಹುದು. ನನ್ನ ಲೆಕ್ಕ 300 ಗುಂಡು, ಅದರಲ್ಲಿ ಮೊದಲ 100ರಲ್ಲಿ ಒಂದೆರಡು ತಪ್ಪಾದ್ರೆ ಕ್ಷಮಿಸ್ತೀನಿ, ಆಮೇಲಿನ 200ರಲ್ಲಿ ಗನ್ನಿಂದ ಒಂದೂ ತಪ್ಪು ಆಗಬಾರದು, ಒಂದು ಆದ್ರೂ ಎಣಿಕೆ ಮತ್ತೆ ಸೊನ್ನೆಯಿಂದ. ಇದನ್ನ ಎರಡು ದಿನಕ್ಕೆ ಹಂಚಿದ್ರೂ ನಡೆಯತ್ತೆ, ನಡುವೆ ಕ್ಲೀನ್ ಮಾಡಬೇಡಿ, ಎಣ್ಣೆ ಮಾತ್ರ ಹಾಕಿ. ಒಂದೇ ಥರದ ಗುಂಡಲ್ಲಿ ಮುಗಿಸಬೇಡಿ, 55 ಗ್ರೇನ್ (ಗುಂಡಿನ ತೂಕದ ಅಳತೆ), 62 ಗ್ರೇನ್, ಮನೇಲಿ ಯಾವುದನ್ನ ಇಟ್ಕೊಳ್ತೀರೋ ಆ ದುಬಾರಿ ಗುಂಡು ಕನಿಷ್ಠ ಒಂದು ಮ್ಯಾಗಜೀನ್. ಬ್ಲ್ಯಾಕೌಟ್ ಆದ್ರೆ 110-125 ಗ್ರೇನಿನ ಜೋರಿನದ್ದು, 190-220ರ, ಶಬ್ದಕ್ಕಿಂತ ನಿಧಾನ ಹೋಗೋ ಸಬ್‌ಸಾನಿಕ್ಕು, ಎರಡೂ ಹೊಡೀಲೇಬೇಕು, ಒಂದರಲ್ಲಿ ಚೆನ್ನಾಗಿ ಓಡೋ ಗನ್ ಇನ್ನೊಂದರಲ್ಲಿ ಮುನಿಸ್ಕೊಳ್ಳೋದು ಸಾಮಾನ್ಯ. ನಿಧಾನಕ್ಕೆ ಹೊಡೀರಿ, ಬೇಗ ಬೇಗ ಹೊಡೀರಿ, ಬಲಗೈಲಿ ಹೊಡೀರಿ, ಎಡಗೈಲಿ ಹೊಡೀರಿ, ಗಟ್ಟಿಯಾಗಿ ಹಿಡಿದಾಗ ಓಡೋದು ಸಡಿಲ ಹಿಡಿದಾಗ ಓಡದೇ ಇರಬಹುದು. ಉಕ್ಕಿನ ಪ್ಲೇಟಿಗೆ ಹತ್ತಿರದಿಂದ ಹೊಡೀಬೇಡಿ, ಇದು ಪಿಸ್ತೂಲು ಅನ್ನೋದು ಹೆಸರಿಗೆ ಮಾತ್ರ, ಗುಂಡು ರೈಫಲ್ಲಿಂದೇ, ಕನಿಷ್ಠ 100 ಗಜ ಇರಲಿ.

ಗನ್ ನಿಂತಾಗ ಏನ್ ಮಾಡ್ತೀರ ಅನ್ನೋದು ಮುಖ್ಯ. ಮೊದ್ಲು ಬೆರಳು ಟ್ರಿಗರ್ ಬಿಡಬೇಕು, ಮೂತಿ ಗುರಿ ಕಡೇನೇ ಇರಬೇಕು. ಟ್ರಿಗರ್ ಎಳೆದಾಗ ಬರೀ ಟಕ್ ಅಂದ್ರೆ 30 ಸೆಕೆಂಡ್ ಹಾಗೇ ಹಿಡ್ಕೊಂಡಿರಿ, ತಡವಾಗಿ ಸಿಡಿಯೋ ತೋಟಾ ಇರತ್ತೆ. ಯಾವಾಗಿನ ಢಂ ಬದಲು ಸಪ್ಪೆಯಾಗಿ ಪುಟ್ ಅಂದ್ರೆ ಮಾತ್ರ ಬೋಲ್ಟ್ ಎಳೆದು ಮುಂದಿನದು ಹೊಡೀಲೇಬೇಡಿ, ಗುಂಡು ಬ್ಯಾರೆಲ್ ನಡುವೆ ಸಿಕ್ಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೋದ್ರೆ ಬ್ಯಾರೆಲ್ ಒಡೆಯತ್ತೆ. ಖಾಲಿ ಮಾಡಿ, ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕು ಕಾಣತ್ತಾ ನೋಡಿ. ಉಳಿದ ತಡೆಗಳಲ್ಲಿ ಸರಿ ಮಾಡೋ ಅವಸರಕ್ಕಿಂತ ಮುಂಚೆ ಒಂದು ಕ್ಷಣ ಒಳಗೆ ನೋಡಿ, ಆಗೋದಾದ್ರೆ ಒಂದು ಫೋಟೋ. ಖಾಲಿ ಕೇಸ್ ಬಾಗಿಲಲ್ಲಿ ಸಿಕ್ಕಿದ್ಯಾ, ಚೇಂಬರಲ್ಲೇ ಉಳಿದಿದ್ಯಾ, ಎರಡು ತೋಟಾ ಒಟ್ಟಿಗೆ ನುಗ್ಗಿದ್ವಾ, ತೋಟಾದ ಮೂತಿ ಮೇಲಕ್ಕೆ ಕುತ್ತಿ ನಿಂತಿದ್ಯಾ. ಜೊತೆಗಿಟ್ಕೊಂಡ ಒಂದು ನೋಟ್ ಪುಸ್ತಕದಲ್ಲಿ ಒಂದೇ ಸಾಲು ಬರೀರಿ, ನನ್ನದು ಹೀಗಿರತ್ತೆ: "87ನೇ ಗುಂಡು, ಮ್ಯಾಗ್ 3, 55 ಗ್ರೇನ್, ಬೋಲ್ಟ್ ತೋಟಾ ಮೇಲೆ ಹತ್ತಿತು, ಒಳಗೆ ಇನ್ನೂ 11 ಇತ್ತು". ಹೀಗೆ ನಾಲ್ಕು ಸಾಲು ಸೇರಿದ್ರೆ ರೋಗ ತಾನಾಗೇ ಕಾಣತ್ತೆ.

ಸರಿ ಮಾಡೋವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದ್ಲು ಮ್ಯಾಗಜೀನ್ ಬದಲಿಸಿ, ಆಮೇಲೆ ಗುಂಡಿನ ಬ್ರಾಂಡ್, ಆಮೇಲೆ ಎಣ್ಣೆ, ಇಷ್ಟಕ್ಕೂ ಬಗ್ಗದಿದ್ರೆ ಮಾತ್ರ ಬಫರ್, ಅಂದ್ರೆ ಹಿಂದಿನ ಟ್ಯೂಬಲ್ಲಿ ಬೋಲ್ಟಿನ ಓಟ ತಡೆಯೋ ತೂಕದ ತುಂಡು. ಗ್ಯಾಸ್ ಜಾಸ್ತಿ ಅನ್ನೋ ಲಕ್ಷಣ ಇದ್ರೆ ಸಾಮಾನ್ಯ 3 ಔನ್ಸ್ ಬಫರ್ ತೆಗೆದು ಎಚ್ ಅನ್ನೋ 3.8 ಔನ್ಸಿಂದು ಹಾಕಿ 50 ಹೊಡೀರಿ, ಸಾಲದಿದ್ರೆ ಎಚ್2. ನನ್ನದಕ್ಕೆ ಎಚ್2 ಹಾಕಿದ ಮೇಲೆ ಕೇಸ್‌ಗಳು 2 ಗಂಟೆಯಿಂದ 4ಕ್ಕೆ ಬಂದ್ವು, ಅಂಚು ಬಾಗೋದೂ ನಿಂತ್ತು. ಸ್ಪ್ರಿಂಗು, ಬಫರ್ರು, ಮ್ಯಾಗಜೀನು ಮೂರೂ ಒಂದೇ ದಿನ ಬದಲಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ. ಡ್ರಿಲ್ ತಗೊಂಡು ಗ್ಯಾಸ್ ತೂತು ದೊಡ್ಡದು ಮಾಡೋಕೆ ಮಾತ್ರ ಹೋಗಬೇಡಿ, ವಾರಂಟಿ ಇರೋವಾಗ ಕಂಪನಿಗೇ ಕಳ್ಸಿ, ಜೊತೆಗೆ ಆ ಪುಸ್ತಕದ ಫೋಟೋ ಕಳ್ಸಿ. ಬರೀ ಜಾಮ್ ಆಗತ್ತೆ ಅಂತ ಬರೆದ್ರೆ ಅವರು ಹತ್ತು ಪ್ರಶ್ನೆ ಕೇಳ್ತಾರೆ, ಲೆಕ್ಕ ಕೊಟ್ರೆ ನೇರ ಕೆಲಸಕ್ಕೆ ಇಳೀತಾರೆ.

ನಮ್ಮ ಕೊಡಗಿನ ಕಡೆ ಕೈಲ್‌ಪೊಳ್ದ್ ದಿನ ಕೋವಿಯನ್ನ ಒರೆಸಿ, ಹೂವಿಟ್ಟು, ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡ್ತಾರೆ. ನನಗೆ ಆ ಮೊದಲು ಒರೆಸೋ ಕೆಲಸ ಇಷ್ಟ. ರೇಂಜಿಂದ ಬಂದ ಮೇಲೆ ಮೊದ್ಲು ತಣ್ಣೀರಲ್ಲಿ ಸೋಪು ಹಾಕಿ ಕೈ ಮುಖ ತೊಳ್ಕೊಳ್ಳಿ, ಸೀಸದ ಪುಡಿ ಇರತ್ತೆ, ಮಕ್ಕಳನ್ನ ಎತ್ಕೊಳ್ಳೋ ಮುಂಚೆ ಬಟ್ಟೆನೂ ಬದಲಿಸಿ. 300 ಮುಗಿದ ದಿನ ಬೋಲ್ಟ್ ಬಿಚ್ಚಿ ಒರೆಸಿ, ಬೋಲ್ಟಿನ ಹಲ್ಲುಗಳ ಬುಡದಲ್ಲಿ ಬಿರುಕು ಇದ್ಯಾ ಟಾರ್ಚ್ ಹಾಕಿ ನೋಡಿ, ಗ್ಯಾಸ್ ಕೀ ಸ್ಕ್ರೂ, ಕ್ಯಾಸಲ್ ನಟ್ ಅಲ್ಲಾಡತ್ತಾ ನೋಡಿ, ಸೈಟ್ ಸ್ಕ್ರೂಗೆ ಪೇಂಟಲ್ಲಿ ಗೆರೆ ಹಾಕಿದ್ರೆ ಆ ಗೆರೆ ಜಾರಿದ್ಯಾ ನೋಡಿ. ಆ ದಿನಾಂಕ, ಒಟ್ಟು ಗುಂಡು, ಬಫರ್ ಯಾವುದು, ಪಾಸಾದ ಮ್ಯಾಗಜೀನ್ ನಂಬರ್ ಯಾವ್ಯಾವುದು ಅಂತ ಕೊನೇ ಪುಟದಲ್ಲಿ ಬರೀರಿ. ಮುಂದೆ ಬಫರ್ ಆಗ್ಲಿ ಬೋಲ್ಟ್ ಆಗ್ಲಿ ಬದಲಿಸಿದ್ರೆ ಆ ಪುಟಕ್ಕೆ ಅಡ್ಡಗೆರೆ ಎಳೆದು, ಮತ್ತೆ ಒಂದೇ ತೋಟಾ ಹಾಕಿ ಶುರು ಮಾಡಿ.