ಒಂದು ರಜೆ ಮೂರಾಗುವುದು ಯಾಕೆ? ಗಾರ್ಮೆಂಟ್ಸ್ ಎಚ್‌ಆರ್ ಕೆಲಸದಲ್ಲಿ ನನ್ನ ಅನುಭವ

ದೊಡ್ಡಬಳ್ಳಾಪುರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ಹೊಲಿಗೆ ಲೈನಿನಲ್ಲಿ ಇರುವವರು ಬಹುಪಾಲು ಹೆಂಗಸರು, ಸುತ್ತಲ ಹಳ್ಳಿಗಳವರು. ಮ್ಯಾನೇಜರ್‌ಗಳ ಮೀಟಿಂಗ್‌ನಲ್ಲಿ ನನಗೆ ಜಾಸ್ತಿ ಕೇಳಿಸುವ ದೂರು ಎರಡು. ಇವರು ಸರಿಯಾಗಿ ಬರುವುದಿಲ್ಲ. ಬಂದರೂ ಮನಸ್ಸಿಟ್ಟು ದುಡಿಯುವುದಿಲ್ಲ. ಇದಕ್ಕೆ ಮದ್ದು ಅಂತ ಒಬ್ಬ ಮೋಟಿವೇಶನ್ ಭಾಷಣಕಾರರನ್ನು ಕರೆಸುತ್ತಾರೆ. ಅವರು ಚಪ್ಪಾಳೆ ಹೊಡೆಸಿ, ಟೀ ಕುಡಿದು ಹೋಗುತ್ತಾರೆ. ಮಾರನೇ ದಿನದ ಹಾಜರಾತಿ ಹಾಗೇ ಇರುತ್ತದೆ.

ನಾನು ಹಾಜರಾತಿ ಪುಸ್ತಕ ಹಿಡಿದು ಕೂತೆ. ಒಟ್ಟು ಎಷ್ಟು ಜನ ಬರಲಿಲ್ಲ ಅನ್ನುವುದನ್ನು ಬಿಟ್ಟು, ಒಬ್ಬೊಬ್ಬರ ತಿಂಗಳನ್ನೂ ಬೇರೆಬೇರೆಯಾಗಿ ನೋಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ತಿಂಗಳ ಮೊದಲ ವಾರದಲ್ಲಿ ಒಂದು ರಜೆ ಹಾಕಿದವರು ಅದೇ ತಿಂಗಳಲ್ಲಿ ಇನ್ನೂ ಎರಡು ಮೂರು ಹಾಕಿರುತ್ತಿದ್ದರು. ಮೊದಲ ಮೂರು ವಾರ ತಪ್ಪದೆ ಬಂದವರು ಕೊನೇ ವಾರ ಜ್ವರ ಇದ್ದರೂ ಬಂದಿರುತ್ತಿದ್ದರು.

ಕಾರಣ ನಮ್ಮ ನಿಯಮದಲ್ಲೇ ಇತ್ತು. ತಿಂಗಳು ಪೂರ್ತಿ ಬಂದರೆ ಹಾಜರಾತಿ ಬೋನಸ್, ಒಂದು ದಿನ ತಪ್ಪಿದರೂ ಸೊನ್ನೆ. ಮೂರನೇ ತಾರೀಕಿಗೆ ಮಗುವಿಗೆ ಹುಷಾರಿಲ್ಲ ಅಂತ ಒಂದು ದಿನ ನಿಂತರೆ ಆ ದುಡ್ಡು ಹೋಯಿತು. ಆಮೇಲೆ ರಜೆ ಹಾಕಿದರೆ ಆ ದಿನದ ಕೂಲಿ ಮಾತ್ರ ಹೋಗುತ್ತದೆ. ಹಾಗಾಗಿ ಆಧಾರ್ ತಿದ್ದುಪಡಿ, ತವರಿನ ಜಾತ್ರೆ, ಕಣ್ಣು ತೋರಿಸುವುದು ಎಲ್ಲವನ್ನೂ ಆ ತಿಂಗಳಿಗೇ ಹಾಕಿಕೊಳ್ಳುತ್ತಿದ್ದರು. ಇದನ್ನು ಶಿಸ್ತಿಲ್ಲದವರು ಮಾಡುವ ಕೆಲಸ ಅನ್ನೋಕಾಗುತ್ತಾ? ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಬೋನಸ್ ಮೊತ್ತ ಏರಿಸದೆ, ಅದನ್ನೇ ವಾರವಾರಕ್ಕೆ ಒಡೆದೆವು. ಈ ವಾರದ ಪಾಲು ಹೋದರೂ ಮುಂದಿನ ವಾರದ್ದು ಉಳಿಯುತ್ತದೆ. ಲೆಕ್ಕಪತ್ರದವರು ಕೆಲಸ ಜಾಸ್ತಿಯಾಯಿತು ಅಂತ ಗೊಣಗಿದರು. ಎರಡನೇ, ಮೂರನೇ ರಜೆಗಳು ಕಮ್ಮಿಯಾದವು. ಮೊದಲ ರಜೆ ಕಮ್ಮಿಯಾಗಲಿಲ್ಲ. ಮಗುವಿಗೆ ಜ್ವರ ಬರುವುದಕ್ಕೂ ನಮ್ಮ ಬೋನಸ್ಸಿಗೂ ಏನು ಸಂಬಂಧ?

ಎರಡನೇ ದೂರು ಸ್ವಲ್ಪ ಕಷ್ಟದ್ದು. ಗಾರ್ಮೆಂಟ್ಸ್‌ನಲ್ಲಿ ಪ್ರತಿ ಕೆಲಸಕ್ಕೂ ಇಷ್ಟು ನಿಮಿಷ ಅಂತ ಇರುತ್ತದೆ, ಅದನ್ನು ಸ್ಯಾಮ್ ಅನ್ನುತ್ತಾರೆ. ಕಾಲರ್ ಕೂರಿಸಲು ಇಷ್ಟು, ಕಫ್‌ಗೆ ಇಷ್ಟು. ಸ್ಟಾಪ್‌ವಾಚ್ ಹಿಡಿದ ಎಂಜಿನಿಯರ್ ಪಕ್ಕದಲ್ಲಿ ನಿಂತರೆ ಕೈ ತಾನಾಗಿ ನಿಧಾನವಾಗುತ್ತದೆ. ಅನುಭವಸ್ಥ ಟೈಲರ್ ಒಬ್ಬರನ್ನು ಊಟದ ಹೊತ್ತಲ್ಲಿ ಕೇಳಿದೆ. "ಇವತ್ತು ಗಂಟೆಗೆ ಹತ್ತು ಪೀಸ್ ಜಾಸ್ತಿ ಕೊಟ್ರೆ, ನಾಳೆಯಿಂದ ಅದೇ ಟಾರ್ಗೆಟ್ ಆಗುತ್ತೆ ಸಾರ್. ಪಕ್ಕದವಳು ನನಗೇ ಬೈತಾಳೆ" ಅಂದರು.

ಇದು ನಮ್ಮ ಕಡೆಯ ರೋಗ ಅಂತ ಅಂದುಕೊಳ್ಳಬೇಡಿ. ಅಮೆರಿಕದ ಶಿಕಾಗೋ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಅಲ್ಲಿನ ದೀಪದ ಬೆಳಕಿನ ಪ್ರಯೋಗವನ್ನು ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಹೇಳುತ್ತಾರೆ. ನನಗೆ ಉಪಯೋಗಕ್ಕೆ ಬಂದದ್ದು 1931-32ರಲ್ಲಿ ಅಲ್ಲೇ ನಡೆದ ಇನ್ನೊಂದು ಅಧ್ಯಯನ. ಟೆಲಿಫೋನ್ ಉಪಕರಣಕ್ಕೆ ವೈರಿಂಗ್ ಮಾಡುವ 14 ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ ಗಮನಿಸಿದರು. ಜಾಸ್ತಿ ಮಾಡಿದರೆ ಜಾಸ್ತಿ ದುಡ್ಡು ಸಿಗುವ ವ್ಯವಸ್ಥೆ ಇತ್ತು. ಆದರೂ ದಿನಕ್ಕೆ ಇಷ್ಟೇ ಅಂತ ಅವರೇ ಒಳಗೊಳಗೇ ಮಿತಿ ಹಾಕಿಕೊಂಡಿದ್ದರು. ಮಿತಿ ಮೀರಿದವನ ತೋಳಿಗೆ ಪಕ್ಕದವನ ಗುದ್ದು ಬೀಳುತ್ತಿತ್ತು. ಜಾಸ್ತಿ ಮಾಡಿ ತೋರಿಸಿದರೆ ಕಂಪನಿ ಪೀಸಿನ ದರ ಇಳಿಸುತ್ತದೆ, ಇಲ್ಲವೇ ಜನರನ್ನು ಕಮ್ಮಿ ಮಾಡುತ್ತದೆ ಅನ್ನುವ ಭಯ ಅವರದು.

ಇಲ್ಲಿ ಬೈಗುಳ, ಅಲ್ಲಿ ಗುದ್ದು, ಅಷ್ಟೇ. ಒಂದು ಸ್ಟೈಲ್, ಅಂದರೆ ಒಂದು ಡಿಸೈನಿನ ಬಟ್ಟೆ, ಲೈನಿಗೆ ಹತ್ತಿದ ಮೇಲೆ ಅದು ಮುಗಿಯುವವರೆಗೂ ಟಾರ್ಗೆಟ್ ಏರಿಸುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆಸಿದೆ. ಇನ್ಸೆಂಟಿವ್ ಹೇಗೆ ಬರುತ್ತದೆ ಅನ್ನುವ ಲೆಕ್ಕವನ್ನೂ ಅದರ ಕೆಳಗೆ ಕನ್ನಡದಲ್ಲಿ ಬರೆಸಿದೆ. ಅಲ್ಲಿಯವರೆಗೆ ಆ ಲೆಕ್ಕ ಇಂಗ್ಲಿಷ್‌ನಲ್ಲಿ, ಒಂದು ಎಕ್ಸೆಲ್ ಶೀಟಿನೊಳಗೆ ಇತ್ತು. ಯಾರೂ ಬೇಗ ನಂಬಲಿಲ್ಲ. ಶಿಪ್‌ಮೆಂಟ್ ಒತ್ತಡ ಇದ್ದ ಒಂದು ವಾರದಲ್ಲೂ ಬೋರ್ಡಿನ ಅಂಕಿ ಬದಲಾಗದೆ ಉಳಿದಾಗ ಕೈಗಳು ಸ್ವಲ್ಪ ಬಿಚ್ಚಿಕೊಂಡವು.

ಕೆಲಸ ಬಿಡುವವರ ವಿಷಯದಲ್ಲೂ ಅಷ್ಟೇ, ಲೆಕ್ಕ ಬೇರೆ ಕಡೆ ಇರುತ್ತದೆ. ಮಕ್ಕಳ ಫೀಸು, ಮದುವೆ, ಸಾಲ ಅಂತ ಬಂದಾಗ ಅವರ ಕೈಲಿರುವ ದೊಡ್ಡ ಗಂಟು ಅಂದರೆ ಪಿಎಫ್. ಅದನ್ನು ಪೂರ್ತಿ ತೆಗೆಯಬೇಕಾದರೆ ಕೆಲಸ ಬಿಡಬೇಕಿತ್ತು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರೂ ಕರೆಯದೆ ರಸ್ತೆಗಿಳಿದದ್ದು ನೆನಪಿದೆಯಾ? ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಪ್ರತಿಭಟನೆ ಶುರುವಾದ ಮರುದಿನವೇ ಅದನ್ನು ವಾಪಸ್ ತೆಗೆದುಕೊಂಡಿತು. ಹೊರಗಿನವರಿಗೆ ಆಶ್ಚರ್ಯ ಆಗಿರಬಹುದು. ರಾಜೀನಾಮೆ ಪತ್ರಗಳನ್ನು ತಿರುವಿ ಹಾಕಿದವರಿಗೆ ಆಗುವಂಥದ್ದಲ್ಲ. ಈಗ ನಮ್ಮಲ್ಲಿ ಯಾರಾದರೂ ಪೇಪರ್ ಹಾಕಿದರೆ, ಕೆಲಸ ಬಿಡದೆ ಪಿಎಫ್‌ನಲ್ಲಿ ಎಷ್ಟು ಅಡ್ವಾನ್ಸ್ ತೆಗೆಯಬಹುದು ಅಂತ ಮೊದಲು ಕೂರಿಸಿ ಹೇಳುತ್ತೇನೆ. ಕೆಲವರು ಪೇಪರ್ ವಾಪಸ್ ತೆಗೆದುಕೊಳ್ಳುತ್ತಾರೆ.

ಕೆಲಸ ಬಿಡುವ ದಿನ ತುಂಬಿಸುವ ಫಾರಂ ಮಾತ್ರ ದಂಡ. ಎಲ್ಲರೂ "ಮನೆ ಕಡೆ ತೊಂದರೆ" ಅಂತಲೇ ಬರೆಯುತ್ತಾರೆ. ಫೈನಲ್ ಸೆಟಲ್‌ಮೆಂಟ್ ಕೈ ಸೇರುವ ಮೊದಲು ಯಾರು ತಾನೇ ನಿಜ ಹೇಳುತ್ತಾರೆ? ದುಡ್ಡು ಖಾತೆಗೆ ಬಿದ್ದ ಮೇಲೆ ನಾನು ಫೋನ್ ಮಾಡುತ್ತೇನೆ, ಸುಮ್ನೆ ಹೇಗಿದ್ದೀರಿ ಅಂತ. ಆಗ ಬರುವ ಮಾತು ಬಹಳ ಸಲ ಒಂದೇ: ಸೂಪರ್‌ವೈಸರ್ ಬಾಯಿ. ಟಾಯ್ಲೆಟ್‌ಗೆ ಹೋಗಿ ಬಂದರೂ ಎಲ್ಲರ ಮುಂದೆ ಬೈಗುಳ.

ಸೂಪರ್‌ವೈಸರ್‌ಗಳಿಗೆ ನಯವಾಗಿ ಮಾತಾಡಿ ಅಂತ ಟ್ರೇನಿಂಗ್ ಕೊಟ್ಟಿದ್ದೇವೆ. ಆದರೆ ಅವರ ಇನ್ಸೆಂಟಿವ್ ನಿಂತಿರುವುದು ಆ ದಿನ ಲೈನಿನಿಂದ ಹೊರಬಿದ್ದ ಪೀಸುಗಳ ಮೇಲೆ ಮಾತ್ರ. ಲೈನಿನಲ್ಲಿ ಎಷ್ಟು ಜನ ಉಳಿದರು ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಇದನ್ನೂ ಲೆಕ್ಕಕ್ಕೆ ಸೇರಿಸಿ ಅಂತ ಮೇಲಿನವರಿಗೆ ಬರೆದುಕೊಟ್ಟಿದ್ದೇನೆ. ಇನ್ನೂ ಒಪ್ಪಿಲ್ಲ. ಅವರ ಬೋನಸ್ಸೂ ಪೀಸಿನ ಮೇಲೇ ಇದೆ, ಅಲ್ವಾ.